ಪ್ರಭಾವ ಮತ್ತು ಸಾದೃಶ್ಯ: ಚರಣಜಿತ್ ಸಿಂಗ್ ಅವರ ಹತ್ತು ರಾಗಗಳ ಸಂದರ್ಭ

ಒಂದು

ತೌಲನಿಕ ಅಧ್ಯಯನದಲ್ಲಿ ಅತಿ ಹೆಚ್ಚು ಬಳಕೆಯಾಗುವ, ಅತಿ ಕಡಿಮೆ ಪರೀಕ್ಷೆಗೆ ಒಳಗಾಗುವ ಪರಿಕಲ್ಪನೆಗಳಲ್ಲಿ ‘ಪ್ರಭಾವ’ ಮುಖ್ಯವಾದುದು. ಕನ್ನಡದ ಮಹಾಪ್ರಬಂಧಗಳಲ್ಲಿ ‘ಪ್ರೇರಣೆ ಮತ್ತು ಪ್ರಭಾವಗಳು’ ಎಂಬ ಅಧ್ಯಾಯವಿರುವುದು ಒಂದು ರೂಢಿಯೇ ಆಗಿದೆ. ಎರಡು ಕೃತಿಗಳನ್ನು ಅಕ್ಕಪಕ್ಕ ಇರಿಸುವುದು, ಸಮಾನ ಅಂಶಗಳನ್ನು ಪಟ್ಟಿ ಮಾಡುವುದು, ಪ್ರಕಟಣೆಯ ವರ್ಷವನ್ನು ನೋಡಿ ಮೊದಲಿನದನ್ನು ಕೊಟ್ಟದ್ದೆಂದೂ ನಂತರದ್ದನ್ನು ಪಡೆದದ್ದೆಂದೂ ತೀರ್ಮಾನಿಸುವುದು ಈ ಅಧ್ಯಾಯದ ಸಾಮಾನ್ಯ ಕ್ರಮ. ‘ಮೊದಲಿಗ’ನ ಹುಡುಕಾಟ ಇದೇ ಕ್ರಮದ ಇನ್ನೊಂದು ಮುಖ. ಈ ವಿಧಾನದಲ್ಲಿ ಕೃತಿಕಾರ ಒಂದೋ ಸಾಲಗಾರನಾಗುತ್ತಾನೆ, ಇಲ್ಲವೇ ಮೂಲಪುರುಷನಾಗುತ್ತಾನೆ. ತನ್ನ ಕೈಗೆ ಸಿಕ್ಕ ಸಾಮಗ್ರಿಯಿಂದ ಒಂದು ಕೃತಿಯನ್ನು ಕಟ್ಟಿದವನಾಗಿ ಮಾತ್ರ ಕಾಣಿಸುವುದಿಲ್ಲ.

ಸಾಹಿತ್ಯದ ಸಂದರ್ಭದಲ್ಲಿ ಈ ದೋಷವನ್ನು ಗುರುತಿಸುವುದು ಸುಲಭವಲ್ಲ. ಕವಿಯ ಗೌರವ, ಭಾಷೆಯ ಅಭಿಮಾನ, ಚಳುವಳಿಗಳ ಪಕ್ಷಪಾತ ಇವೆಲ್ಲವೂ ಚರ್ಚೆಯೊಳಗೆ ಬೆರೆತುಬಿಡುತ್ತವೆ. ಆದ್ದರಿಂದ ಪರಿಕಲ್ಪನೆಯೊಂದನ್ನು ಪರೀಕ್ಷಿಸಲು ಕೆಲವೊಮ್ಮೆ ಸಾಹಿತ್ಯದ ಹೊರಗಿನ ಉದಾಹರಣೆ ಹೆಚ್ಚು ಉಪಯುಕ್ತವಾಗುತ್ತದೆ. ಮುಂಬೈನ ಸಂಗೀತಗಾರ ಚರಣಜಿತ್ ಸಿಂಗ್ ಅವರು 1982ರಲ್ಲಿ ಮುದ್ರಿಸಿದ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಧ್ವನಿಮುದ್ರಿಕೆ ಅಂತಹ ಒಂದು ಉದಾಹರಣೆ. ಅದಕ್ಕೆ ಇಂದು ದೊರೆತಿರುವ ಖ್ಯಾತಿಯು ಕೃತಿಯ ಗುಣಕ್ಕಿಂತ ಹೆಚ್ಚಾಗಿ ಕಾಲಾನುಕ್ರಮದ ಒಂದು ವಾದದ ಮೇಲೆ ನಿಂತಿದೆ. ಆ ವಾದ ಮೇಲುನೋಟಕ್ಕೆ ಭಾರತೀಯ ಕಲಾವಿದನೊಬ್ಬನನ್ನು ಎತ್ತರಿಸುವಂತೆ ಕಂಡರೂ, ವಾಸ್ತವದಲ್ಲಿ ಅವನ ಸೃಜನಕ್ರಿಯೆಯನ್ನು ಮರೆಮಾಡುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಎರಡು

ಚರಣಜಿತ್ ಸಿಂಗ್ ಅವರು ಹಿಂದಿ ಚಲನಚಿತ್ರಗಳ ವಾದ್ಯವೃಂದದಲ್ಲಿ ದುಡಿದವರು. ಶಂಕರ್-ಜೈಕಿಶನ್, ಆರ್.ಡಿ. ಬರ್ಮನ್ ಮೊದಲಾದ ಸಂಗೀತ ನಿರ್ದೇಶಕರಿಗೆ ಗಿಟಾರ್, ಬೇಸ್ ಗಿಟಾರ್ ಮತ್ತು ವಿದ್ಯುತ್ ಚಾಲಿತ ಕೀಲಿಮಣೆ ವಾದ್ಯಗಳನ್ನು ನುಡಿಸುತ್ತಿದ್ದರು. 1971ರ ‘ಹರೇ ರಾಮ ಹರೇ ಕೃಷ್ಣ’ ಚಿತ್ರದ ಪ್ರಸಿದ್ಧವಾದ ‘ದಮ್ ಮಾರೊ ದಮ್’ ಗೀತೆಯಲ್ಲಿ ಕೇಳಿಬರುವ ಟ್ರಾನ್ಸಿಕಾರ್ಡ್ ಎಂಬ ವಿದ್ಯುತ್ ಅಕಾರ್ಡಿಯನ್ ವಾದನ ಅವರದೇ. ಇದರ ಜೊತೆಗೆ ಮದುವೆ ಮತ್ತು ಸಮಾರಂಭಗಳಲ್ಲಿ ನುಡಿಸುವ ಸ್ವಂತ ಆರ್ಕೆಸ್ಟ್ರಾ ಅವರಿಗಿತ್ತು. ಚಿತ್ರಗೀತೆಗಳ ವಾದ್ಯರೂಪದ ಧ್ವನಿಮುದ್ರಿಕೆಗಳನ್ನೂ ಹೊರತಂದಿದ್ದರು.

‘ಟೆನ್ ರಾಗಾಸ್’ ಧ್ವನಿಮುದ್ರಿಕೆಯನ್ನು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ 1983ರಲ್ಲಿ ಹೊರತಂದಿತು. ಭೈರವಿ, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘಮಲ್ಹಾರ್, ಯಮನ್, ಕಲಾವತಿ, ಮಾಲಕಂಸ್, ಬೈರಾಗಿ ಎಂಬ ಹತ್ತು ರಾಗಗಳು ಅದರಲ್ಲಿವೆ. ಒಂದೊಂದು ರಾಗಕ್ಕೆ ದೊರೆತಿರುವ ಅವಧಿ ಸುಮಾರು ಐದು ನಿಮಿಷ. ತಬಲ, ತಂಬೂರಿ, ಸಾರಂಗಿಗಳು ಯಾವುವೂ ಇಲ್ಲ. ಇರುವುದು ಜಪಾನಿನ ರೋಲಂಡ್ ಸಂಸ್ಥೆ ತಯಾರಿಸಿದ ಮೂರು ಯಂತ್ರಗಳು: ರಾಗದ ಸ್ವರಗಳನ್ನು ನುಡಿಸಲು ಜ್ಯೂಪಿಟರ್-8 ಸಿಂಥಸೈಜರ್, ಬೇಸ್ ಸ್ವರಗಳಿಗಾಗಿ ಟಿಬಿ-303, ಲಯಕ್ಕಾಗಿ ಟಿಆರ್-808 ಡ್ರಮ್ ಮೆಷಿನ್. ಧ್ವನಿಮುದ್ರಿಕೆ ಮಾರುಕಟ್ಟೆಯಲ್ಲಿ ಸೋತಿತು, ಕ್ರಮೇಣ ಮರೆತುಹೋಯಿತು.

2002ರಲ್ಲಿ ಡಚ್ ಸಂಗ್ರಾಹಕ ಎಡೊ ಬೌಮನ್ ಅವರಿಗೆ ಇದರ ಒಂದು ಪ್ರತಿ ದೆಹಲಿಯಲ್ಲಿ ಸಿಕ್ಕಿತು. 2010ರಲ್ಲಿ ಅವರ ‘ಬಾಂಬೆ ಕನೆಕ್ಷನ್’ ಸಂಸ್ಥೆ ಅದನ್ನು ಮರುಬಿಡುಗಡೆ ಮಾಡಿತು. ಯುರೋಪು ಮತ್ತು ಅಮೆರಿಕದ ಕೇಳುಗರಿಗೆ ಆಶ್ಚರ್ಯವಾಯಿತು. ಶಿಕಾಗೊ ನಗರದ ಫ್ಯೂಚರ್ ತಂಡವು 1987ರಲ್ಲಿ ಹೊರತಂದ ‘ಆ್ಯಸಿಡ್ ಟ್ರ್ಯಾಕ್ಸ್’ನಿಂದ ಆರಂಭವಾಯಿತೆಂದು ಹೇಳಲಾಗುವ ‘ಆ್ಯಸಿಡ್ ಹೌಸ್’ ಎಂಬ ನೃತ್ಯಸಂಗೀತ ಪ್ರಕಾರದ ಧ್ವನಿ, ಅದಕ್ಕೂ ಐದು ವರ್ಷ ಮೊದಲು ಮುಂಬೈನಲ್ಲಿ ಮುದ್ರಿತವಾದ ರಾಗಗಳಲ್ಲಿ ಕೇಳಿಸುತ್ತಿತ್ತು. ಇದು ಯಾರೋ ಹೊಸಬರು ಹಳೆಯ ಹೆಸರಿನಲ್ಲಿ ಮಾಡಿದ ಕುಚೋದ್ಯವಿರಬೇಕೆಂದು ಕೆಲವರು ಶಂಕಿಸಿದರು. ಶಂಕೆ ನಿವಾರಣೆಯಾದ ಮೇಲೆ ‘ಆ್ಯಸಿಡ್ ಹೌಸ್‌ನ ನಿಜವಾದ ಜನಕ ಚರಣಜಿತ್ ಸಿಂಗ್’ ಎಂಬ ಮಾತು ಹರಡಿತು. ಎಪ್ಪತ್ತರ ವಯಸ್ಸಿನಲ್ಲಿ ಅವರು ಯುರೋಪಿನ ವೇದಿಕೆಗಳಲ್ಲಿ ಈ ರಾಗಗಳನ್ನು ಮತ್ತೆ ನುಡಿಸಿದರು. 2015ರ ಜುಲೈ ತಿಂಗಳಲ್ಲಿ ನಿಧನರಾದಾಗ ಬಂದ ಬರಹಗಳಲ್ಲಿಯೂ ಈ ಬಿರುದೇ ಮುಂದಾಯಿತು.

ಶಂಕೆ ಮತ್ತು ಬಿರುದು ಇವೆರಡರ ಹಿಂದಿರುವುದು ಒಂದೇ ಮನೋಧರ್ಮ ಎಂಬುದನ್ನು ಗಮನಿಸಬೇಕು. ಶಿಕಾಗೊವನ್ನು ಅಳತೆಗೋಲಾಗಿ ಇರಿಸಿಕೊಂಡಾಗ ಮಾತ್ರ ಮುಂಬೈನ ಕೃತಿ ಒಂದೋ ಖೋಟಾ ಎನಿಸುತ್ತದೆ, ಇಲ್ಲವೇ ಪೂರ್ವಸೂಚನೆ ಎನಿಸುತ್ತದೆ. ಎರಡೂ ತೀರ್ಮಾನಗಳಲ್ಲಿ ಆ ಕೃತಿಗೆ ತನ್ನದೇ ಆದ ಸಂದರ್ಭವಿದ್ದಿರಬಹುದೆಂಬ ಊಹೆಗೆ ಅವಕಾಶವಿಲ್ಲ.

ಮೂರು

ಎಲೆಕ್ಟ್ರಾನಿಕ್ ಸಂಗೀತದಲ್ಲಿ ‘ಪ್ರೊಡ್ಯೂಸರ್’ ಎಂದರೆ ಚಲನಚಿತ್ರದ ಅರ್ಥದಲ್ಲಿ ಹಣ ಹೂಡುವ ನಿರ್ಮಾಪಕನಲ್ಲ. ರಾಗಸಂಯೋಜಕ, ವಾದಕ, ಲಯಗಾರ, ಧ್ವನಿಮುದ್ರಣಕಾರ ಈ ಎಲ್ಲರ ಕೆಲಸವನ್ನೂ ಒಬ್ಬನೇ ಯಂತ್ರಗಳ ನೆರವಿನಿಂದ ನಿರ್ವಹಿಸುವವನು. ಚರಣಜಿತ್ ಸಿಂಗ್ ಅವರ ಕಾಲದ ಮುಂಬೈನಲ್ಲಿ ಈ ಅರ್ಥದ ಪದ ಬಳಕೆಯಲ್ಲಿರಲಿಲ್ಲ. ಆದರೆ ಈ ಧ್ವನಿಮುದ್ರಿಕೆಯಲ್ಲಿ ಅವರು ಮಾಡಿದ್ದು ಅದನ್ನೇ. ಅವರ ಸೃಜನಕ್ರಿಯೆಗೆ ಒದಗಿಬಂದ ಆಕರಗಳನ್ನು ಮೂರಾಗಿ ವಿಂಗಡಿಸಬಹುದು: ಸ್ಟುಡಿಯೊದ ವೃತ್ತಿಶಿಕ್ಷಣ, ರಾಗದ ವ್ಯಾಕರಣ, ಯಂತ್ರದ ಸ್ವಭಾವ.

ಮೊದಲನೆಯದು ಸ್ಟುಡಿಯೊ. ಹಿಂದಿ ಚಿತ್ರಸಂಗೀತದ ವಾದ್ಯಗಾರರು ಬೆಳಗ್ಗೆ ಒಂದು ಶೈಲಿಯಲ್ಲಿ, ಸಂಜೆ ಇನ್ನೊಂದು ಶೈಲಿಯಲ್ಲಿ ನುಡಿಸಬೇಕಾಗಿತ್ತು. ಗ್ರೆಗರಿ ಬೂತ್ ಅವರು 2008ರಲ್ಲಿ ಪ್ರಕಟಿಸಿದ ‘ಬಿಹೈಂಡ್ ದ ಕರ್ಟನ್’ ಗ್ರಂಥ ಈ ವಾದ್ಯಗಾರರ ದುಡಿಮೆಯ ಜಗತ್ತನ್ನು ಅವರ ಮಾತುಗಳ ಮೂಲಕವೇ ದಾಖಲಿಸಿದೆ. ಹೊಸ ವಾದ್ಯವನ್ನು ಮೊದಲು ಕೊಂಡು ಕಲಿತವನಿಗೆ ಅಲ್ಲಿ ಹೆಚ್ಚಿನ ಬೇಡಿಕೆ ಇರುತ್ತಿತ್ತು. ಆದ್ದರಿಂದ ವಿದೇಶದಿಂದ ಬಂದ ಯಂತ್ರದ ಬಗೆಗಿನ ಕುತೂಹಲವು ಕೇವಲ ವೈಯಕ್ತಿಕ ಗೀಳಲ್ಲ; ಅದು ವೃತ್ತಿಯ ಅಗತ್ಯ. ಮರುಬಿಡುಗಡೆಯ ನಂತರದ ಸಂದರ್ಶನಗಳಲ್ಲಿ ಸಿಂಗ್ ಅವರು ಈ ಪ್ರಯೋಗದ ಹಿನ್ನೆಲೆಯನ್ನು ಸರಳವಾಗಿ ವಿವರಿಸಿದ್ದಾರೆ. 1982ರ ಸುಮಾರಿಗೆ ಚಲನಚಿತ್ರಗಳಲ್ಲಿ ಎಲ್ಲೆಲ್ಲೂ ಡಿಸ್ಕೊ ಇತ್ತು. ಅದನ್ನೇ ಬಳಸಿ ಬೇರೆ ಏನನ್ನಾದರೂ ಮಾಡಬಾರದೇಕೆ ಎಂದು ಅವರಿಗೆ ತೋರಿತು. ತಬಲವನ್ನು ತೆಗೆದು ಆ ಜಾಗದಲ್ಲಿ ಡಿಸ್ಕೊ ಲಯವನ್ನಿಟ್ಟು ರಾಗಗಳನ್ನು ನುಡಿಸಿದರು. ಮನೆಯಲ್ಲಿ ಯಂತ್ರಗಳನ್ನು ಜೋಡಿಸಿ ಅಭ್ಯಾಸ ಮಾಡಿದಾಗ ಹಿತವೆನಿಸಿತು, ಮುದ್ರಿಸಿದರು.

ಈ ಹೇಳಿಕೆಯಲ್ಲಿ ಪ್ರಭಾವದ ಒಂದು ಸ್ಪಷ್ಟವಾದ ಎಳೆ ಇದೆ. ಹಿಂದಿ ಚಿತ್ರಗಳಲ್ಲಿ ಡಿಸ್ಕೊ ಅಲೆಯನ್ನು ಎಬ್ಬಿಸಿದ್ದು 1980ರ ‘ಕುರ್ಬಾನಿ’ ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ‘ಆಪ್ ಜೈಸಾ ಕೋಯಿ’ ಗೀತೆ. ಅದರ ಸಂಗೀತ ಸಂಯೋಜಕರು ಬೆಂಗಳೂರಿನಲ್ಲಿ ಜನಿಸಿದ, ಕೊಡವ ಮೂಲದ ಬಿದ್ದು ಅಪ್ಪಯ್ಯ. ಲಂಡನ್ನಿಗೆ ಹೋಗಿ ನೆಲೆಸಿದ ಅವರು 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ಗೀತೆಯ ಪ್ರೊಡ್ಯೂಸರ್ ಆಗಿ ಹೆಸರಾದವರು. 1981ರಲ್ಲಿ ಅವರದೇ ‘ಡಿಸ್ಕೊ ದಿವಾನೆ’, 1982ರ ಕೊನೆಯಲ್ಲಿ ಬಪ್ಪಿ ಲಾಹಿರಿ ಸಂಗೀತದ ‘ಡಿಸ್ಕೊ ಡಾನ್ಸರ್’ ಚಿತ್ರ ಬಂದವು. ಅಂದರೆ ಸಿಂಗ್ ಅವರಿಗೆ ಡಿಸ್ಕೊ ದೂರದ ಅಮೆರಿಕದಿಂದ ನೇರವಾಗಿ ಬಂದದ್ದಲ್ಲ. ಬೆಂಗಳೂರಿನಿಂದ ಲಂಡನ್ನಿಗೆ ಹೋದವರೊಬ್ಬರ ಕೈಯಿಂದ ಮುಂಬೈಗೆ ಮರಳಿ, ಚಿತ್ರಗೀತೆಯಾಗಿ, ತಮ್ಮದೇ ವೃತ್ತಿಯ ಅಂಗಳದಲ್ಲಿ ಸಿಕ್ಕಿದ್ದು. ಪಶ್ಚಿಮ ಕೊಡುತ್ತದೆ, ಪೂರ್ವ ಪಡೆಯುತ್ತದೆ ಎಂಬ ಸರಳ ನಕ್ಷೆಯಲ್ಲಿ ಈ ಹಾದಿಯನ್ನು ಗುರುತಿಸಲಾಗದು.

ಎರಡನೆಯದು ರಾಗದ ವ್ಯಾಕರಣ. ರಾಗಕ್ಕೆ ಪಾಶ್ಚಾತ್ಯ ಅರ್ಥದ ಸ್ವರಮೇಳದ ಚಲನೆ ಬೇಕಿಲ್ಲ. ಷಡ್ಜದ ನಿರಂತರವಾದ ಆಧಾರದ ಮೇಲೆ ಒಂದೇ ಸ್ವರಪಂಕ್ತಿ ಬೆಳೆಯುತ್ತದೆ. ಏಕಕಾಲಕ್ಕೆ ಎಂಟು ಸ್ವರಗಳನ್ನು ನುಡಿಸಬಲ್ಲ ಜ್ಯೂಪಿಟರ್-8 ಕೈಯಲ್ಲಿದ್ದರೂ ಸಿಂಗ್ ಅವರು ಡಿಸ್ಕೊ ಗೀತೆಗಳಂತೆ ಸ್ವರಮೇಳಗಳನ್ನು ಬದಲಾಯಿಸುತ್ತ ಹೋಗಲಿಲ್ಲ. ಬೇಸ್ ಯಂತ್ರವು ಆಧಾರಸ್ವರದ ಸುತ್ತ ಆವರ್ತನಗೊಳ್ಳುತ್ತದೆ; ಮೇಲಿನ ಸ್ವರಪಂಕ್ತಿ ರಾಗದ ಆರೋಹಣ-ಅವರೋಹಣ ಮತ್ತು ಪರಿಚಿತ ಸಂಚಾರಗಳನ್ನು ಅನುಸರಿಸುತ್ತದೆ. ರಾಗಗಳ ಆಯ್ಕೆಯಲ್ಲಿಯೂ ಒಂದು ವಿವೇಚನೆ ಕಾಣುತ್ತದೆ. ಭೂಪಾಲಿ, ಮಾಲಕಂಸ್, ಕಲಾವತಿ, ಬೈರಾಗಿ ಇವು ಐದು ಸ್ವರಗಳ ರಾಗಗಳು. ಕರ್ನಾಟಕ ಸಂಗೀತದ ಕೇಳುಗರಿಗೆ ಕ್ರಮವಾಗಿ ಮೋಹನ, ಹಿಂದೋಳ, ವಲಚಿ, ರೇವತಿಗಳೆಂದು ಪರಿಚಿತವಾದವು. ಇಂತಹ ರಾಗಗಳ ಚಹರೆ ಕೆಲವೇ ಸ್ವರಗಳಲ್ಲಿ ಸ್ಪಷ್ಟವಾಗುವುದರಿಂದ ವೇಗದ ಲಯದಲ್ಲಿಯೂ ಅವು ಕರಗಿಹೋಗುವುದಿಲ್ಲ.

ಮೂರನೆಯದು ಯಂತ್ರ. ಟಿಬಿ-303 ಯಂತ್ರವನ್ನು ರೋಲಂಡ್ ಸಂಸ್ಥೆ 1981ರ ಕೊನೆಯಲ್ಲಿ ಮಾರುಕಟ್ಟೆಗೆ ತಂದಿತು. ಇದರ ವಿನ್ಯಾಸಕಾರರು ತಾದಾವೊ ಕಿಕುಮೊತೊ. ಒಬ್ಬನೇ ಕುಳಿತು ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬೇಸ್ ಗಿಟಾರಿನ ಸಾಥ್ ಒದಗಿಸುವುದು ಇದರ ಉದ್ದೇಶ. ಆ ಕೆಲಸದಲ್ಲಿ ಅದು ವಿಫಲವಾಯಿತು. ನಿಜವಾದ ಬೇಸ್ ಗಿಟಾರಿನಂತೆ ಅದು ಕೇಳಿಸುತ್ತಿರಲಿಲ್ಲ. 1984ರಲ್ಲಿ ತಯಾರಿಕೆ ನಿಂತಿತು. ಆದರೆ ಅದರ ರಚನೆಯಲ್ಲಿ ಎರಡು ವಿಶೇಷಗಳಿದ್ದವು. ಒಂದು, ಅದು ಒಂದು ಸಮಯಕ್ಕೆ ಒಂದೇ ಸ್ವರವನ್ನು ನುಡಿಸುತ್ತದೆ. ಎರಡು, ‘ಸ್ಲೈಡ್’ ಎಂಬ ಸೌಲಭ್ಯದಿಂದ ಒಂದು ಸ್ವರ ಮುಂದಿನ ಸ್ವರಕ್ಕೆ ಕಡಿಯದೆ ಜಾರುತ್ತದೆ. ಹಿಂದೂಸ್ತಾನಿಯ ಮೀಂಡ್, ಕರ್ನಾಟಕ ಪದ್ಧತಿಯ ಜಾರು ಇವುಗಳನ್ನು ಬಲ್ಲ ಕಿವಿಗೆ ಈ ಜಾರುವಿಕೆಯಲ್ಲಿ ಒಂದು ಸಾಧ್ಯತೆ ಕಾಣಿಸುವುದು ಸಹಜ. ಸ್ವರಮೇಳದ ಹಂಗಿಲ್ಲದ ರಾಗವೂ ಒಂಟಿಸ್ವರದ ಯಂತ್ರವೂ ಪರಸ್ಪರ ಹೊಂದಿಕೊಂಡದ್ದು ಆಕಸ್ಮಿಕವಲ್ಲ.

ಇಲ್ಲಿಯೇ ಸಂಶೋಧಕನನ್ನು ದಾರಿ ತಪ್ಪಿಸಬಲ್ಲ ಸಾದೃಶ್ಯವೊಂದಿದೆ. ಟಿಬಿ-303ರ ಒಂದು ಆವರ್ತ ಹದಿನಾರು ಹೆಜ್ಜೆಗಳದು. ಹಿಂದೂಸ್ತಾನಿಯ ತೀನ್ ತಾಲವೂ ಹದಿನಾರು ಮಾತ್ರೆಗಳದು. ಇವೆರಡನ್ನು ಜೋಡಿಸಿ ‘ಯಂತ್ರದೊಳಗೆ ತೀನ್ ತಾಲ’ ಎಂದು ಬರೆಯುವುದು ಆಕರ್ಷಕವೆನಿಸಬಹುದು. ಆದರೆ ಯಂತ್ರದ ಹದಿನಾರು ಎಂದರೆ ನಾಲ್ಕು ಘಾತಗಳನ್ನು ತಲಾ ನಾಲ್ಕಾಗಿ ಒಡೆದದ್ದು. ಅದರಲ್ಲಿ ಸಮ್ ಇಲ್ಲ, ತಾಲಿ-ಖಾಲಿಗಳ ಭೇದವಿಲ್ಲ. ಸಂಖ್ಯೆ ಒಂದೇ ಆದರೂ ಕಾರ್ಯ ಬೇರೆ. ಸಾದೃಶ್ಯವೆಂಬುದು ಸಾಕ್ಷ್ಯವಲ್ಲ, ಸಾಕ್ಷ್ಯವನ್ನು ಹುಡುಕಲು ಒಂದು ಸೂಚನೆ ಮಾತ್ರ ಎಂಬ ಪಾಠ ಇದರಲ್ಲಿದೆ.

ನಾಲ್ಕು

ಈಗ ಶಿಕಾಗೊದ ಪ್ರಕ್ರಿಯೆಯನ್ನು ನೋಡಬಹುದು. ಡಿಜೆ ಪಿಯರ್, ಅರ್ಲ್ ಸ್ಮಿತ್, ಹರ್ಬ್ ಜೆ. ಎಂಬ ಮೂವರು ಯುವಕರ ತಂಡವೇ ಫ್ಯೂಚರ್. ತಯಾರಿಕೆ ನಿಂತು ಅಗ್ಗವಾಗಿದ್ದ ಟಿಬಿ-303 ಯಂತ್ರವೊಂದು ಅವರ ಕೈಸೇರಿತು. ಅದನ್ನು ಬಳಸುವ ಕ್ರಮ ಅವರಿಗೆ ತಿಳಿದಿರಲಿಲ್ಲ. ಯಂತ್ರ ತನ್ನಷ್ಟಕ್ಕೆ ಒಂದೇ ಸ್ವರಗುಚ್ಛವನ್ನು ಆವರ್ತಿಸುತ್ತಿರುವಾಗ ಅದರ ಗುಂಡಿಗಳನ್ನು ತಿರುಗಿಸುತ್ತ ಹೋದರು. ಫಿಲ್ಟರ್ ತೆರೆದಂತೆ, ಮುಚ್ಚಿದಂತೆ ಧ್ವನಿಯು ಕೀರಲಾಗಿ, ಒದ್ದೆಯಾಗಿ, ಮೊನಚಾಗಿ ಬದಲಾಗತೊಡಗಿತು. ಈ ಬದಲಾವಣೆಯೇ ಅವರಿಗೆ ಸಂಗೀತವಾಯಿತು. ಶಿಕಾಗೊದ ಮ್ಯೂಸಿಕ್ ಬಾಕ್ಸ್ ಎಂಬ ನೃತ್ಯಶಾಲೆಯಲ್ಲಿ ರಾನ್ ಹಾರ್ಡಿ ಅದರ ಟೇಪನ್ನು ನುಡಿಸಿ ಜನಪ್ರಿಯಗೊಳಿಸಿದರು. 1987ರಲ್ಲಿ ಅದು ಹನ್ನೊಂದು ನಿಮಿಷಕ್ಕೂ ಮಿಕ್ಕಿದ ಧ್ವನಿಮುದ್ರಿಕೆಯಾಗಿ ಹೊರಬಂತು.

ಎರಡೂ ಕೃತಿಗಳಲ್ಲಿ ಒಂದೇ ಯಂತ್ರವಿದೆ, ಒಂದೇ ಬಗೆಯ ಲಯವಿದೆ, ಸ್ವರಮೇಳದ ಚಲನೆ ಎರಡರಲ್ಲಿಯೂ ಇಲ್ಲ. ಆದ್ದರಿಂದಲೇ ಕಿವಿಗೆ ಅವು ಹತ್ತಿರ. ಆದರೆ ಕೃತಿಯ ಕೇಂದ್ರ ಬೇರೆ. ಶಿಕಾಗೊದಲ್ಲಿ ಸ್ವರಗಳು ಸ್ಥಿರ, ನಾದಗುಣ ಚಲನಶೀಲ. ಕೇಳುಗ ಅನುಸರಿಸುವುದು ಧ್ವನಿಯ ಬಣ್ಣ ಬದಲಾಗುವುದನ್ನು. ಮುಂಬೈನಲ್ಲಿ ಕೇಳುಗ ಅನುಸರಿಸುವುದು ಸ್ವರಪಂಕ್ತಿಯನ್ನು. ನಾದಗುಣ ಅದಕ್ಕೆ ವಾಹಕ. ಒಂದು, ಯಂತ್ರವನ್ನು ತಿಳಿಯದವರು ಅದರ ಅಪಬಳಕೆಯಿಂದ ಕಂಡುಕೊಂಡ ಮಾರ್ಗ. ಇನ್ನೊಂದು, ದಶಕಗಳ ವೃತ್ತಿಪರಿಣತಿ ಇದ್ದವರು ಯಂತ್ರವನ್ನು ಪಳಗಿಸಿ, ತಮಗೆ ಮೊದಲೇ ತಿಳಿದಿದ್ದ ಸಂಗೀತಕ್ಕೆ ಒಗ್ಗಿಸಿದ ಮಾರ್ಗ. ಸಿಂಗ್ ಅವರ ಧ್ವನಿಮುದ್ರಿಕೆ ಶಿಕಾಗೊವನ್ನು ತಲುಪಿತ್ತೆಂಬುದಕ್ಕೆ ಯಾವ ಆಧಾರವೂ ದೊರೆತಿಲ್ಲ. ಶಿಕಾಗೊದ ಸಂಗೀತ ಹುಟ್ಟುವ ಮೊದಲೇ ಮುದ್ರಿತವಾದುದರಿಂದ ಸಿಂಗ್ ಅವರಿಗೆ ಅದರ ಪ್ರಭಾವ ಆಗಿರುವುದು ಅಸಾಧ್ಯ. ಎರಡೂ ಕಡೆಯ ಪ್ರಭಾವವಿಲ್ಲದೆ ಸಾದೃಶ್ಯ ಮಾತ್ರ ಉಳಿಯುತ್ತದೆ. ಅದನ್ನು ವಿವರಿಸಬಲ್ಲದ್ದು ಸಮಾನ ಸಾಮಗ್ರಿಯೇ ಹೊರತು ಸಂಪರ್ಕವಲ್ಲ.

ಜನಕತ್ವವೆಂಬ ಪದ ಸಂತತಿಯನ್ನು ಅಪೇಕ್ಷಿಸುತ್ತದೆ. ಯಾರೂ ಕೇಳದ, ಯಾರೂ ಮುಂದುವರಿಸದ ಕೃತಿಯನ್ನು ಒಂದು ಪ್ರಕಾರದ ಜನಕನೆಂದು ಕರೆಯುವುದು ತಾರ್ಕಿಕವಾಗಿ ದುರ್ಬಲ. ಅದಕ್ಕಿಂತ ಮುಖ್ಯವಾಗಿ, ಅದು ಶಿಕಾಗೊದ ಕಪ್ಪು ಯುವಜನರ ಸೃಷ್ಟಿಯನ್ನು ಕಾರಣವಿಲ್ಲದೆ ಕುಗ್ಗಿಸುತ್ತದೆ. ಅದೇ ವೇಳೆಗೆ ಸಿಂಗ್ ಅವರ ಕೃತಿಯನ್ನು ಅದು ಸೇರದ ಚರಿತ್ರೆಯೊಂದರ ಮುನ್ನುಡಿಯಾಗಿಸುತ್ತದೆ. ಭಾರತದಲ್ಲಿ ‘ಮೊದಲು’ ಎಂದು ಹೇಳಲು ಹೊರಟರೂ ವಾದ ನಿಲ್ಲುವುದಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿಯೇ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಜರಿನ ಸ್ಟುಡಿಯೊ ಸ್ಥಾಪನೆಯಾಗಿತ್ತು. ಅಲ್ಲಿ 1972ರವರೆಗೆ ನಡೆದ ಧ್ವನಿಪ್ರಯೋಗಗಳ ಟೇಪುಗಳು ದಶಕಗಳ ನಂತರ ಪತ್ತೆಯಾಗಿ, ಪಾಲ್ ಪರ್ಗಸ್ ಅವರ ಪರಿಶ್ರಮದಿಂದ 2023ರಲ್ಲಿ ಸಂಕಲನವಾಗಿ ಬಂದವು. ಒಂದು ಹೊಸ ಪೆಟ್ಟಿಗೆ ತೆರೆದಾಗಲೆಲ್ಲ ‘ಮೊದಲಿಗ’ ಬದಲಾಗುತ್ತಾನೆ. ಹಾಗೆ ಬದಲಾಗುವ ಪದವಿಯ ಮೇಲೆ ಕೃತಿಯ ಮೌಲ್ಯವನ್ನು ನಿಲ್ಲಿಸಲಾಗದು.

ಐದು

ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುವ ಆಕ್ಷೇಪವೂ ಇದೆ. ಐದು ನಿಮಿಷದ, ಆಲಾಪದ ವಿಸ್ತಾರವಿಲ್ಲದ, ಯಂತ್ರದ ಲಯಕ್ಕೆ ಕಟ್ಟುಬಿದ್ದ ಈ ನಾದವನ್ನು ರಾಗವೆಂದು ಕರೆಯಬಹುದೇ ಎಂಬುದು ಶಾಸ್ತ್ರೀಯ ಸಂಗೀತದ ಪಕ್ಷ. ಆಕ್ಷೇಪದಲ್ಲಿ ಸತ್ಯಾಂಶವಿದೆ. ಸಿಂಥಸೈಜರಿನ ಕೀಲಿಮಣೆ ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಒಡೆಯುತ್ತದೆ. ತೋಡಿಯ ಅತಿಕೋಮಲ ಗಾಂಧಾರಕ್ಕೆ ಅದರಲ್ಲಿ ಸ್ಥಾನವಿಲ್ಲ. ಪ್ರಾತಃಕಾಲದ ಲಲಿತ್ ಮತ್ತು ರಾತ್ರಿಯ ಮಾಲಕಂಸ್ ಒಂದೇ ತಟ್ಟೆಯಲ್ಲಿ, ಒಂದೇ ಬಗೆಯ ಘಾತದ ಮೇಲೆ ಬರುವಾಗ ಸಮಯಸಿದ್ಧಾಂತವೂ ಉಳಿಯುವುದಿಲ್ಲ.

ಆದರೆ ರಾಗದ ಚರಿತ್ರೆಯಲ್ಲಿ ಯಂತ್ರದ ಹಸ್ತಕ್ಷೇಪ 1982ರಲ್ಲಿ ಆರಂಭವಾದದ್ದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನಿಗೆ ಹಾಡಿದಾಗಲೇ ರಾಗವು ಕೆಲವೇ ನಿಮಿಷಗಳ ಮಿತಿಗೆ ಒಗ್ಗಿಕೊಳ್ಳಬೇಕಾಯಿತು. ಹಾರ್ಮೋನಿಯಂ ಇದೇ ಹನ್ನೆರಡು ಸ್ವರಗಳ ದೋಷಕ್ಕಾಗಿ 1940ರಲ್ಲಿ ಆಕಾಶವಾಣಿಯಿಂದ ಹೊರಹಾಕಲ್ಪಟ್ಟಿತು. 1971ರಲ್ಲಿ ಆ ನಿಷೇಧ ಭಾಗಶಃ ಸಡಿಲಗೊಂಡಿತು. ಈ ಅವಧಿಯಲ್ಲಿ ಸಭೆಗಳಲ್ಲಿ, ಭಜನೆಗಳಲ್ಲಿ, ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ನಿಲ್ಲಲಿಲ್ಲ. ನಿಷೇಧವು ವಾದ್ಯದ ಮಿತಿಯನ್ನು ಸರಿಯಾಗಿಯೇ ಗುರುತಿಸಿತ್ತು. ಆ ಮಿತಿಯೊಳಗೆ ಕಲಾವಿದ ಏನು ಮಾಡುತ್ತಾನೆ ಎಂಬ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಸಿಂಗ್ ಅವರ ಪ್ರಯೋಗವನ್ನು ಮಹಫಿಲಿನ ಗಾಯನದೊಂದಿಗೆ ಹೋಲಿಸುವುದೂ ಶಿಕಾಗೊದೊಂದಿಗೆ ಹೋಲಿಸುವುದೂ ಒಂದೇ ಬಗೆಯ ಅನ್ಯಾಯ. ಎರಡರಲ್ಲಿಯೂ ಅಳತೆಗೋಲು ಹೊರಗಿನದು. ರಾಗದ ಪೂರ್ಣರೂಪವಲ್ಲ, ರಾಗದ ಚಹರೆಯೊಂದು ಯಂತ್ರದ ಆವರ್ತನದೊಳಗೆ ಎಷ್ಟರಮಟ್ಟಿಗೆ ಉಳಿಯಬಲ್ಲದು ಎಂಬುದೇ ಆ ಧ್ವನಿಮುದ್ರಿಕೆಯ ಪ್ರಶ್ನೆ. ಹತ್ತು ರಾಗಗಳಲ್ಲಿಯೂ ಅದಕ್ಕೆ ಒಂದೇ ಮಟ್ಟದ ಉತ್ತರ ಸಿಕ್ಕಿಲ್ಲ. ಐದು ಸ್ವರಗಳ ರಾಗಗಳು ನಿರಾಯಾಸವಾಗಿ ಗುರುತಿಗೆ ಸಿಗುತ್ತವೆ. ಸೂಕ್ಷ್ಮ ಶ್ರುತಿಯನ್ನೇ ಜೀವಾಳವಾಗಿ ಉಳ್ಳ ತೋಡಿ ಸೊರಗುತ್ತದೆ. ಇಂತಹ ವಿಮರ್ಶೆ ಸಾಧ್ಯವಾಗುವುದು ಕೃತಿಯನ್ನು ಅದರ ಸ್ವಂತ ಪ್ರಶ್ನೆಯಿಂದ ಅಳೆದಾಗ ಮಾತ್ರ.

ಆರು

ಈ ಉದಾಹರಣೆಯಿಂದ ಕನ್ನಡ ಸಂಶೋಧನೆಗೆ ದೊರೆಯುವುದು ಒಂದು ವಿಧಾನದ ಎಚ್ಚರ. ಪ್ರಭಾವವನ್ನು ಪ್ರತಿಪಾದಿಸುವ ಮೊದಲು ಮೂರು ಪರಿಶೀಲನೆಗಳು ನಡೆಯಬೇಕು. ಸಂಪರ್ಕವಿತ್ತೆಂಬುದಕ್ಕೆ ಸ್ವತಂತ್ರವಾದ ಪುರಾವೆ ಇದೆಯೇ? ಸಾದೃಶ್ಯವನ್ನು ಸಮಾನ ಸಾಮಗ್ರಿ, ಸಮಾನ ಉಪಕರಣ, ಸಮಾನ ಸಾಮಾಜಿಕ ಒತ್ತಡಗಳೇ ವಿವರಿಸಬಲ್ಲವೇ? ಸಮಾನವೆಂದು ತೋರುವ ಅಂಶ ಎರಡೂ ಕೃತಿಗಳಲ್ಲಿ ಒಂದೇ ಕಾರ್ಯವನ್ನು ನಿರ್ವಹಿಸುತ್ತಿದೆಯೇ? ಮೊದಲ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೂ ಮೂರನೆಯ ಪ್ರಶ್ನೆ ಉಳಿದೇ ಇರುತ್ತದೆ. ಕವಿರಾಜಮಾರ್ಗಕ್ಕೆ ದಂಡಿಯ ಕಾವ್ಯಾದರ್ಶ ಆಧಾರವೆಂಬುದು ನಿರ್ವಿವಾದ. ಆದರೆ ಸಮಾನ ಲಕ್ಷಣಗಳ ಪಟ್ಟಿಯಿಂದ ಕವಿರಾಜಮಾರ್ಗದ ಕನ್ನಡ ನಾಡಿನ ವರ್ಣನೆ, ದೇಸಿಯ ಕುರಿತ ಗೊಂದಲ ಮತ್ತು ಕಾಳಜಿ, ಬೆದಂಡೆ-ಚತ್ತಾಣಗಳ ಪ್ರಸ್ತಾಪ ಇವುಗಳ ಅರ್ಥ ತಿಳಿಯುವುದಿಲ್ಲ. ಪಡೆದದ್ದೇನು ಎಂಬುದಕ್ಕಿಂತ ಪಡೆದದ್ದನ್ನು ಯಾವ ಅಗತ್ಯಕ್ಕಾಗಿ ಬಾಗಿಸಲಾಯಿತು ಎಂಬುದು ಅಲ್ಲಿ ಮುಖ್ಯ.

ನವ್ಯಕಾವ್ಯದ ಚರ್ಚೆಯಲ್ಲಿಯೂ ಇದೇ ಕೊರತೆ ಕಾಣುತ್ತದೆ. ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ ಮತ್ತು ಎಲಿಯಟ್‌ನ ‘ದ ವೇಸ್ಟ್ ಲ್ಯಾಂಡ್’ ಇವುಗಳ ಹೋಲಿಕೆ ತರಗತಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಡಿಗರು ಎಲಿಯಟ್‌ನನ್ನು ಓದಿದ್ದರೆಂಬುದು ಸಾಬೀತಾದ ಮಾತು. ಅಷ್ಟರಿಂದ ಚರ್ಚೆ ಮುಗಿಯುವುದಿಲ್ಲ, ಅಲ್ಲಿಂದ ಆರಂಭವಾಗಬೇಕು. ಮೊಗೇರಿಯ ಪರಿಸರದ ಯಕ್ಷಗಾನದ ಗತ್ತು, ಮಾತಿನ ಲಯ, 1954ರ ಸಂಕಲನಕ್ಕೆ ‘ಚಂಡೆಮದ್ದಳೆ’ ಎಂಬ ಹೆಸರನ್ನೇ ಕೊಡಿಸಿದ ಶಬ್ದಸ್ಮೃತಿ ಇವು ಇಂಗ್ಲಿಷ್ ಓದಿನೊಂದಿಗೆ ಹೇಗೆ ಕೂಡಿಕೊಂಡವು, ಆ ಕೂಡುವಿಕೆಯಲ್ಲಿ ಛಂದಸ್ಸು ಎಲ್ಲಿ ಮುರಿಯಿತು, ಎಲ್ಲಿ ಉಳಿಯಿತು ಎಂಬ ವಿಶ್ಲೇಷಣೆಯೇ ಸೃಜನಕ್ರಿಯೆಯ ಅಧ್ಯಯನ. ಸಾಲದ ಲೆಕ್ಕದಿಂದ ಅದು ಸಿಗಲಾರದು. ಎಲಿಯಟ್‌ನಿಂದ ಅಡಿಗರನ್ನು ‘ಬಿಡುಗಡೆ’ ಮಾಡುವ ಉತ್ಸಾಹದ ಅಭಿಮಾನದಿಂದಲೂ ಸಿಗಲಾರದು.

ಇನ್ನೊಂದು ಸಂಗತಿ ಆಕರಗಳಿಗೆ ಸಂಬಂಧಿಸಿದ್ದು. ಚರಣಜಿತ್ ಸಿಂಗ್ ಅವರ ಸೃಜನಕ್ರಿಯೆಯ ಬಗೆಗೆ ತಿಳಿದಿರುವ ಬಹುಪಾಲು ವಿವರಗಳು ಮುದ್ರಣವಾಗಿ ಇಪ್ಪತ್ತೆಂಟು ವರ್ಷಗಳಾದ ಮೇಲೆ, ಅದೂ ವಿದೇಶದ ಸಂಗ್ರಾಹಕರು ಮತ್ತು ಪತ್ರಕರ್ತರು ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಬಂದವು. ಪ್ರಶ್ನೆಗಳು ಬಹುತೇಕ ಶಿಕಾಗೊದ ಕಡೆಗೇ ವಾಲಿದ್ದವು. ಅವರು ಯಾವ ರಾಗವನ್ನು ಯಾರಿಂದ ಕೇಳಿ ಕಲಿತರು, ಯಾವ ಸಂಚಾರವನ್ನು ಯಂತ್ರಕ್ಕಾಗಿ ಬಿಟ್ಟುಕೊಟ್ಟರು ಎಂಬ ಪ್ರಶ್ನೆಗಳಿಗೆ ಅಲ್ಲಿ ಕಡಿಮೆ ಅವಕಾಶ ಸಿಕ್ಕಿತು. ಕೇಳುವವನ ಸಿದ್ಧಾಂತವೇ ಆಕರವನ್ನು ರೂಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಜಾನಪದ ಕ್ಷೇತ್ರಕಾರ್ಯದಲ್ಲಿ ತೊಡಗಿರುವ ಕನ್ನಡ ವಿಭಾಗಗಳಿಗೆ ಈ ಮಾತು ಹೊಸದಲ್ಲ. ಆದರೆ ಆಧುನಿಕ ಕಲೆಗಳ ವಿಷಯದಲ್ಲಿ ಆ ಎಚ್ಚರವನ್ನು ಅವು ತೋರಿಲ್ಲ.

ಕನ್ನಡ ಚಿತ್ರಗೀತೆಗಳು ದಶಕಗಳ ಕಾಲ ಮದ್ರಾಸಿನ ಸ್ಟುಡಿಯೊಗಳಲ್ಲಿ ಮುದ್ರಣಗೊಂಡವು. ಭಾವಗೀತೆಗಳು ಕ್ಯಾಸೆಟ್ಟುಗಳ ಮೂಲಕ ಮನೆಮನೆ ತಲುಪಿದವು. ಕುವೆಂಪು, ಬೇಂದ್ರೆ, ನಿಸಾರ್ ಅಹಮದ್ ಅವರ ಕವಿತೆಗಳನ್ನು ಎಷ್ಟೋ ಜನ ಮೊದಲು ಅರಿತದ್ದು ಪುಸ್ತಕದಿಂದಲ್ಲ, ಆ ಕ್ಯಾಸೆಟ್ಟುಗಳಿಂದ. ಕವಿತೆಯನ್ನು ಹಾಡಾಗಿಸುವಾಗ ಯಾವ ಚರಣ ಬಿಟ್ಟುಹೋಯಿತು, ಯಾವ ಪದ ಪಲ್ಲವಿಯಾಗಿ ಮರಳಿಬಂತು, ಕೀಬೋರ್ಡ್ ಬಂದ ಮೇಲೆ ಹಾಡಿನ ಲಯದಲ್ಲಿ ಏನು ಬದಲಾಯಿತು ಎಂಬುವು ಸಾಹಿತ್ಯದ ಸ್ವೀಕಾರಕ್ಕೇ ಸಂಬಂಧಿಸಿದ ಪ್ರಶ್ನೆಗಳು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಕವಿ, ಗಾಯಕ, ಸಂಯೋಜಕರ ಹೆಸರುಗಳು ಸಿಗುತ್ತವೆ. ವಾದ್ಯಗಾರರ ಹೆಸರು ಬಹುಮಟ್ಟಿಗೆ ಸಿಗುವುದಿಲ್ಲ. ಅವರಲ್ಲಿ ಅನೇಕರು ಇಂದು ವೃದ್ಧಾಪ್ಯದಲ್ಲಿದ್ದಾರೆ. ಅವರನ್ನು ಕಂಡು ಮಾತನಾಡಿಸಿ ದಾಖಲಿಸುವ ಕೆಲಸವನ್ನು ವಿಭಾಗಗಳು ಎಂ.ಫಿಲ್., ಪಿಎಚ್.ಡಿ. ಹಂತದ ಅಧ್ಯಯನವೆಂದು ಒಪ್ಪಿಕೊಂಡಿದ್ದು ವಿರಳ. ಅದನ್ನು ಒಪ್ಪಿಕೊಳ್ಳಬೇಕು; ಕೇಳಬೇಕಾದ ಪ್ರಶ್ನೆಗಳನ್ನು ಅವರ ಕಸುಬಿನ ಒಳಗಿನಿಂದಲೇ ರೂಪಿಸಿಕೊಳ್ಳಬೇಕು.

ಚರಣಜಿತ್ ಸಿಂಗ್ ಅವರಿಗೆ ಶಿಕಾಗೊದ ಕಿರೀಟ ಬೇಕಿರಲಿಲ್ಲ. ಡಿಸ್ಕೊ ಲಯವನ್ನು, ರಾಗವನ್ನು, ಜಪಾನಿನ ಯಂತ್ರವನ್ನು ಒಟ್ಟಿಗೆ ಬಲ್ಲ ಒಬ್ಬ ವಾದ್ಯಗಾರ 1982ರ ಮುಂಬೈನಲ್ಲಿ ಕಟ್ಟಬಹುದಾಗಿದ್ದ ಕೃತಿಯನ್ನು ಅವರು ಕಟ್ಟಿದರು. ಅದರ ಮಹತ್ವ ಅಷ್ಟರಲ್ಲಿಯೇ ಇದೆ. ಅಂತಹ ಮಹತ್ವವನ್ನು ಗುರುತಿಸುವ ಸಾಧನಗಳನ್ನು ಸಂಶೋಧನೆ ತಾನೇ ರೂಪಿಸಿಕೊಳ್ಳದಿದ್ದರೆ, ಇಲ್ಲಿಯ ಕೃತಿಗಳ ಮೌಲ್ಯನಿರ್ಣಯ ಪ್ರತಿ ಬಾರಿಯೂ ಹೊರಗಿನ ಸಂಗ್ರಾಹಕನೊಬ್ಬನ ಆಗಮನಕ್ಕಾಗಿ ಕಾಯಬೇಕಾಗುತ್ತದೆ.